ಮಗ್ಗ ನಿಲ್ಲಿಸಿ ಕಟ್ ಮಾಡಿದ ಟ್ರೇಲರ್

ಗೆಳೆಯನ ಸಿನಿಮಾಕ್ಕೆ ಒಂದೂವರೆ ನಿಮಿಷದ ಟ್ರೇಲರ್ ಮಾಡಿಕೊಡಬೇಕಿತ್ತು. ಗದಗ-ಬೆಟಗೇರಿಯ ನೇಕಾರರ ಮನೆ, ಅಲ್ಲಿಂದ ಒಬ್ಬ ಕಾಣೆಯಾಗ್ತಾನೆ, ಇಷ್ಟು ಕಥೆ. ಮೊದಲ ಸಲ ನಾನೂ ಎಲ್ಲರಂತೆ ಮಾಡಿದೆ. ನೆಟ್‌ನಿಂದ ಇಳಿಸಿಕೊಂಡ ಧಡಂ ಸದ್ದು, ಏರುತ್ತಾ ಹೋಗುವ ರೈಸರ್ ಸದ್ದು, ಪಟಪಟ ಕಟ್. ಗೆಳೆಯ ನೋಡಿ, "ಛಲೋ ಐತಿ. ಯಾವ ಸಿನಿಮಾಕ್ಕ ಹಚ್ಚಿದ್ರೂ ನಡೀತೈತಿ" ಅಂದ. ಹೊಗಳಿದ್ದಲ್ಲ ಅಂತ ಅರ್ಥವಾಯಿತು.

ಮರುದಿನ ರೆಕಾರ್ಡರ್ ಹಿಡಿದು ಶೂಟಿಂಗ್ ನಡೆದ ಮನೆಗೇ ಹೋದೆ. ಕೈಮಗ್ಗದ ಕೋಣೆ ಸಣ್ಣದು, ಸದ್ದು ಗೋಡೆಗೆ ಬಡಿದು ಗುಂಯ್ ಅನ್ನುತ್ತಿತ್ತು. ಆ ಮನೆಯ ಅವ್ವ ಎರಡು ಕೌದಿ ಕೊಟ್ಟರು. ಗೋಡೆಗೆ ನೇತುಹಾಕಿದ ಮೇಲೆ ಲಾಳಿ ಓಡುವ ಸರ್ರ್, ಹಿಂದೆಯೇ ಬರುವ ಖಟ್, ಎರಡೂ ಬಿಡಿಬಿಡಿಯಾಗಿ ಕೇಳಿದವು. ನಡುವೆ ಎಳೆ ಹರಿದು ಮಗ್ಗ ನಿಂತಿತು. ಅಡುಗೆಮನೆಯಿಂದ ಅವ್ವ ಎದ್ದೇ ಬಂದರು. "ಮಗ್ಗ ನಿಂತ್ರ ನಿದ್ದ್ಯಾಗಿದ್ರೂ ಎಚ್ಚರಾಗತೈತಿ ನೋಡ್ ತಮ್ಮಾ." ರೆಕಾರ್ಡರ್ ಇನ್ನೂ ಓಡುತ್ತಿತ್ತು, ಪುಣ್ಯ.

ಸಂಗೀತ ಪೂರ್ತಿ ಕಿತ್ತುಹಾಕಿದೆ. ಮಗ್ಗದ ಬಡಿತ ಹೆಚ್ಚುಕಡಿಮೆ ಸೆಕೆಂಡಿಗೊಂದು, ಅಂದರೆ 24 ಫ್ರೇಮಿಗೊಂದು (ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ). ಮೊದಲು ಮೂರು ಬಡಿತಕ್ಕೊಂದು ಶಾಟ್, ಆಮೇಲೆ ಎರಡಕ್ಕೊಂದು, ಆಮೇಲೆ ಪ್ರತಿ ಬಡಿತಕ್ಕೂ. ಮಗ್ಗದ ವೇಗ ಮಾತ್ರ ಮುಟ್ಟಲಿಲ್ಲ. ಕಿವಿ ಅದಕ್ಕೆ ಒಗ್ಗಿ, ಅದನ್ನು ಮರೆತೇಬಿಡಬೇಕು. ಒಂದು ನಿಮಿಷ ದಾಟಿದ ಮೇಲೆ ಲಾಳಿ ಓಡುತ್ತದೆ, ಖಟ್ ಬರುವುದಿಲ್ಲ. ಪರದೆ ಕಪ್ಪು, 3 ಸೆಕೆಂಡ್. ಆಮೇಲೆ ಬಾಗಿಲ ಚಿಲಕದ ಸದ್ದು.

ಇಲ್ಲೇ ಯಡವಟ್ಟಾಗಿದ್ದು. ಆ 3 ಸೆಕೆಂಡ್ ಆಡಿಯೋ ಪೂರ್ತಿ ಸೊನ್ನೆ ಇಟ್ಟಿದ್ದೆ. ಹುಬ್ಬಳ್ಳಿಯ ಒಂದು ಹಾಲ್‌ನಲ್ಲಿ ಹಾಕಿ ನೋಡಿದಾಗ, ಸೌಂಡ್ ಹೋಯಿತು ಅಂದುಕೊಂಡು ಆಪರೇಟರ್ ವಾಲ್ಯೂಮ್ ಏರಿಸಿಬಿಟ್ಟರು. ಮುಂದೆ ಬಂದ ಆ ಚಿಲಕದ ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡೆವು! ಎಳೆ ಹರಿದಾಗ ಹಿಡಿದ ಕೋಣೆಯ ಸದ್ದನ್ನೇ ಅಲ್ಲಿ ತುಂಬಿದೆ. ಫ್ಯಾನಿನ ಗುಯ್‌ಗುಟ್ಟುವಿಕೆ, ದೂರದ ಆಟೋ, ಅಷ್ಟೇ. ಸೊನ್ನೆಗಿಂತ ಅದೇ ಜಾಸ್ತಿ ನಿಶ್ಶಬ್ದ ಅನ್ನಿಸಿತು.

ಚಿಲಕದ ಸದ್ದು ಚಿತ್ರಕ್ಕಿಂತ 10 ಫ್ರೇಮ್ ಮುಂಚೆ, ಕಪ್ಪಿನ ಮೇಲೇ ಬರುತ್ತದೆ. ಇದಕ್ಕೆ ಜೆ ಕಟ್ ಅಂತಾರೆ. ಬಾಗಿಲು ತೆರೆದವರು ಯಾರು ಅಂತ ನಾನು ತೋರಿಸಿಲ್ಲ.

ಟ್ರೇಲರ್‌ನ ಕೊನೆಯ ಹೊಡೆತದ ಸದ್ದು 50 ಹರ್ಟ್ಸ್ ಸುತ್ತಮುತ್ತಲಿನದು, ಅಂದರೆ ತೀರಾ ತಗ್ಗಿನ ಗುಡುಗು. ಹಾಲ್‌ನಲ್ಲಿ ಎದೆ ನಡುಗಿಸಿತು, ಮೊಬೈಲಿನಲ್ಲಿ ಕೇಳಿಸಲೇ ಇಲ್ಲ. ಟ್ರೇಲರ್ ನೋಡೋದು ಹೆಚ್ಚಾಗಿ ಮೊಬೈಲಿನಲ್ಲೇ ಅಲ್ವಾ? ಮನೆಯ ತಗಡಿನ ಡಬ್ಬಿ ಬಡಿದು, ಆ ಸದ್ದನ್ನು ಅದರ ಮೇಲೆ ಕೂರಿಸಿದೆ. ನಮ್ಮವ್ವನಿಗೆ ತೋರಿಸಿದಾಗ ಮೊದಲ ಪ್ರಶ್ನೆ: "ಇದು ನಮ್ಮ ಜೋಳದ ಹಿಟ್ಟಿನ ಡಬ್ಬಿ ಅಲ್ಲೇನು?"