ಜಪಾನಿನ ಹಳೆಯ ಕತ್ತಿಯನ್ನು ಗುರುತಿಸುವ ಕ್ರಮ

ಜಪಾನಿನ ಕತ್ತಿಪ್ರಿಯರು ಒಂದೆಡೆ ಸೇರಿ ನಡೆಸುವ ‘ಕಾಂತೇ’ ಪರೀಕ್ಷೆಯಲ್ಲಿ ಅಲಗನ್ನು ಮಾತ್ರ ತೋರಿಸಿ, ಹಿಡಿಯೊಳಗೆ ಸೇರುವ ಅದರ ಬಾಲವನ್ನು, ಎಂದರೆ ‘ನಕಾಗೋ’ವನ್ನು, ಮುಚ್ಚಿಡುತ್ತಾರೆ. ಕಮ್ಮಾರನ ಹೆಸರು ಇರುವುದು ಆ ಬಾಲದ ಮೇಲೆಯೇ ಆದ್ದರಿಂದ, ನೋಡುವವರು ಆಕಾರ, ಉಕ್ಕಿನ ಮೈ ಮತ್ತು ಹದದ ಗೆರೆಗಳ ಆಧಾರದಿಂದಲೇ ಕಾಲ, ಪ್ರಾಂತ್ಯ ಮತ್ತು ಕಮ್ಮಾರನನ್ನು ಊಹಿಸಬೇಕಾಗುತ್ತದೆ. ಸಂಗ್ರಹಕ್ಕೆ ತೊಡಗುವವರು ಇದೇ ಕ್ರಮವನ್ನು ರೂಢಿಸಿಕೊಳ್ಳಬೇಕು. ಹೆಸರನ್ನು ಮೊದಲು ಓದಿದವನ ಕಣ್ಣು ಆಮೇಲೆ ಆ ಹೆಸರಿಗೆ ತಕ್ಕುದನ್ನೇ ಅಲಗಿನಲ್ಲಿ ಹುಡುಕತೊಡಗುತ್ತದೆ.

ಕತ್ತಿಯನ್ನು ಒರೆಯಿಂದ ತೆಗೆಯುವಾಗ ಅಲಗಿನ ಬಾಯಿ, ಎಂದರೆ ಹರಿತವಾದ ಅಂಚು, ಮೇಲ್ಮುಖವಾಗಿರಬೇಕು, ಮತ್ತು ಅಲಗಿಗೆ ಬೆರಳು ತಾಕಬಾರದು, ಏಕೆಂದರೆ ಬೆವರಿನ ಉಪ್ಪು ಉಳಿದ ಕಡೆ ತುಕ್ಕು ಬೇಗ ಹಿಡಿಯುತ್ತದೆ. ಉದ್ದವನ್ನು ಬೆನ್ನಿನ ಬುಡದಲ್ಲಿರುವ ಕಚ್ಚಿನಿಂದ ತುದಿಯವರೆಗೆ ನೇರ ಗೆರೆಯಲ್ಲಿ ಅಳೆಯುತ್ತಾರೆ. ಸುಮಾರು 30.3 ಸೆಂಟಿಮೀಟರಿನವರೆಗಿನದು ‘ತಾಂತೋ’, ಅಲ್ಲಿಂದ 60.6ರೊಳಗಿನದು ‘ವಾಕಿಜಾಶಿ’, ಅದಕ್ಕೂ ಉದ್ದವಾದದ್ದು ‘ಕತಾನ’ ಅಥವಾ ‘ತಾಚಿ’.

ಆಕಾರದ ಮೇಲೆ ಎಷ್ಟು ಹೊತ್ತು ಕಳೆದರೂ ಹೆಚ್ಚಲ್ಲ. ಹನ್ನೆರಡು-ಹದಿಮೂರನೆಯ ಶತಮಾನಗಳ, ಎಂದರೆ ಹೇಯಾನ್ ಯುಗದ ಕೊನೆ ಮತ್ತು ಕಾಮಾಕುರಾ ಯುಗದ ಮೊದಲ ಭಾಗದ, ತಾಚಿಗಳಲ್ಲಿ ಬಾಗು ಬುಡದ ಹತ್ತಿರವೇ ಆಳವಾಗಿದ್ದು, ಅಲಗು ತುದಿಯತ್ತ ಸಪೂರವಾಗುತ್ತ ಹೋಗಿ ಸಣ್ಣ ಮೊನೆಯಲ್ಲಿ ಮುಗಿಯುತ್ತದೆ. ಹದಿನಾಲ್ಕನೆಯ ಶತಮಾನದ ನಾಂಬೊಕುಚೋ ಕಾಲದಲ್ಲಿ ಅಲಗು ಅಗಲವಾಗಿ, ಮೊನೆ ಉದ್ದವಾಗಿ, ಇಡೀ ಕತ್ತಿಯೇ ಭಾರೀ ಗಾತ್ರಕ್ಕೆ ಬೆಳೆಯಿತು. ಹದಿನಾರನೆಯ ಶತಮಾನದಲ್ಲಿ, ಮುರೊಮಾಚಿ ಯುಗದ ಕೊನೆಯ ವೇಳೆಗೆ, ಒಂದೇ ಕೈಯಲ್ಲಿ ಬೀಸುವಂಥ, ಬಾಗು ತುದಿಯತ್ತ ಸರಿದ ಗಿಡ್ಡ ಕತ್ತಿಗಳು ಬಂದವು. 1661ರಿಂದ 1673ರವರೆಗಿನ ಕಾನ್‌ಬುನ್ ವರ್ಷಗಳ ಕತ್ತಿಯಂತೂ ಬಹುತೇಕ ನೆಟ್ಟಗೆ ಕಾಣುತ್ತದೆ. ಆದರೆ ಉದ್ದದ ಹಳೆಯ ಅಲಗುಗಳನ್ನು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡಗೊಳಿಸುವ ‘ಸುರಿಯಾಗೆ’ ಪದ್ಧತಿ ವ್ಯಾಪಕವಾಗಿತ್ತು. ಹಾಗೆ ಕತ್ತರಿಸಿದಾಗ ಬಾಗಿನ ಆಳವಾದ ಭಾಗ ಕುಗ್ಗುತ್ತದೆ, ಹೆಸರೂ ಹೋಗಬಹುದು. ಆದ್ದರಿಂದ ಕಣ್ಣಿಗೆ ಕಾಣುವ ಆಕಾರವನ್ನಲ್ಲ, ಮೊದಲಿದ್ದ ಆಕಾರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಹದಿನೆಂಟನೆಯ ಶತಮಾನದ ಕೊನೆಯಿಂದ ಸುಯಿಶಿಂಶಿ ಮಸಾಹಿದೆ ಎಂಬ ಕಮ್ಮಾರ ಮತ್ತು ಅವನ ದಾರಿ ಹಿಡಿದವರು ಹಳೆಯ ಮಾದರಿಗಳನ್ನು ಮತ್ತೆ ಮಾಡಿದ್ದರಿಂದ, ಆಕಾರವೊಂದನ್ನೇ ನಂಬುವುದೂ ಸಾಲದು.

ಅನಂತರ ಅಲಗನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ಉಕ್ಕನ್ನು ಮಡಿಚಿ ಬಡಿದದ್ದರಿಂದ ಮೂಡಿದ ಎಳೆಗಳು ಮರದ ಹಲಗೆಯಲ್ಲಿರುವಂತೆ ನೇರವಾಗಿಯೋ ಸುರುಳಿಯಾಗಿಯೋ ಗೋಚರಿಸುತ್ತವೆ. ಬೆನ್ನಿಗೆ ದಪ್ಪನಾಗಿ, ಬಾಯಿಗೆ ತೆಳುವಾಗಿ ಜೇಡಿ ಬಳಿದು, ಕಾಯಿಸಿ ನೀರಿನಲ್ಲಿ ಅದ್ದಿದಾಗ ಹುಟ್ಟುವ ಗೆರೆಯೇ ‘ಹಾಮೋನ್’. ಅದರ ಅಂಚಿನಲ್ಲಿ ಬರಿಗಣ್ಣಿಗೆ ಬಿಡಿಬಿಡಿಯಾಗಿ ಹೊಳೆಯುವ ಹರಳುಗಳಿದ್ದರೆ ‘ನಿಯೆ’, ಮಂಜಿನ ಪಟ್ಟಿಯಂತೆ ಕೂಡಿಕೊಂಡಿದ್ದರೆ ‘ನಿಯೋಯಿ’ ಎನ್ನುತ್ತಾರೆ; ಸೋಶೂ ಪ್ರಾಂತ್ಯದ ಕಮ್ಮಾರರ ಪರಂಪರೆಯಲ್ಲಿ ಮೊದಲನೆಯದೂ ಬಿಜೆನ್ ಪ್ರಾಂತ್ಯದ ಪರಂಪರೆಯಲ್ಲಿ ಸಾಮಾನ್ಯವಾಗಿ ಎರಡನೆಯದೂ ಎದ್ದು ಕಾಣುತ್ತದೆ. ಬಾಯಿಯುದ್ದಕ್ಕೂ ಇರುವ ಬಿಳುಪನ್ನೇ ಹಾಮೋನ್ ಎಂದುಕೊಳ್ಳಬಾರದು, ಏಕೆಂದರೆ ಆ ಬಿಳುಪು ಹೊಳಪು ಕೊಡುವವನು ಕಲ್ಲಿನಿಂದ ತಂದದ್ದಿರಬಹುದು. ನಿಜವಾದ ಗೆರೆ ಬೆಳಕಿನ ಕೋನ ಬದಲಾದಾಗ ಅದರೊಳಗಿನಿಂದ ತೋರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಣ್ಣೆಯಲ್ಲಿ ಹದಮಾಡಿದ ಕಾರ್ಖಾನೆಯ ಅಲಗುಗಳಲ್ಲಿ ಗೆರೆಯೇನೋ ಇರುತ್ತದೆ, ಆದರೆ ಹರಳುಗಳ ಈ ಸೂಕ್ಷ್ಮ ಹೊಳಪು ಇರುವುದಿಲ್ಲ. ಅವುಗಳ ನಕಾಗೋ ಮೇಲೆ ಅನೇಕ ವೇಳೆ ಸಣ್ಣ ಮುದ್ರೆಯೊಂದಿರುತ್ತದೆ. ಅಚ್ಚು ಹಾಕಿದ ಲೋಹದ ಹಿಡಿ ಮತ್ತು ಅಲಗಿನ ಮೇಲೆಯೇ ಕ್ರಮಸಂಖ್ಯೆ ಇದ್ದರೆ ಅದು ಆ ಕಾಲದ ಕೆಳದರ್ಜೆಯ ಸೈನ್ಯಾಧಿಕಾರಿಗಳಿಗೆ ಯಂತ್ರದಿಂದ ತಯಾರಿಸಿದ್ದು.

ಇಷ್ಟಾದ ಮೇಲೆ, ಮಾಲೀಕರ ಅನುಮತಿ ಪಡೆದು, ಬಿದಿರಿನ ಬೆಣೆಯನ್ನು ಹೊರದೂಡಿ ಹಿಡಿಯನ್ನು ಬಿಡಿಸಬಹುದು. ನಕಾಗೋ ಮೇಲಿನ ತುಕ್ಕು ಕತ್ತಿಯ ವಯಸ್ಸಿಗೆ ಮುಖ್ಯ ಸಾಕ್ಷಿ. ಶತಮಾನಗಳಷ್ಟು ಹಳೆಯದು ಗಾಢ ಕಂದು ಇಲ್ಲವೇ ಕಪ್ಪಾಗಿ ನಯವಾಗಿರುತ್ತದೆ. ಕೆಂಪಾಗಿ ಪುಡಿ ಉದುರುವಂಥದ್ದು ಈಚಿನದು. ನಕಾಗೋ ಮೇಲಿನ ಹಳೆಯ ತುಕ್ಕನ್ನು ಉಜ್ಜಿ ‘ಶುಚಿ’ ಮಾಡಿದವರು ಕತ್ತಿಯ ಬೆಲೆಯನ್ನೂ ಜೊತೆಗೆ ಅಳಿಸಿದಂತೆ. ಹೆಸರಿನ ಅಕ್ಷರಗಳ ಗುಂಡಿಯೊಳಗಿನ ತುಕ್ಕು ಸುತ್ತಲಿನ ತುಕ್ಕಿಗೆ ಹೊಂದುತ್ತದೆಯೇ, ಅರದ ಗೀರುಗಳು ಆ ಕಮ್ಮಾರನ ರೂಢಿಗೆ ತಕ್ಕಂತಿವೆಯೇ ಎಂದು ಪರೀಕ್ಷಿಸಬೇಕು. ಸುಳ್ಳು ಹೆಸರು ಕೆತ್ತುವ ಚಾಳಿ ಇಂದಿನದಲ್ಲ. ಹೆಸರಾಂತ ಕಮ್ಮಾರ ನಾಗಾಸೊನೆ ಕೊತೆತ್ಸುವಿನ ಹೆಸರಿನ ಖೋಟಾ ಕತ್ತಿಗಳು ಅಸಂಖ್ಯ, ಅಷ್ಟೇ ಪ್ರಸಿದ್ಧ ಕಮ್ಮಾರನಾದ ಮಸಾಮುನೆಯಂತೂ ಹೆಸರು ಕೆತ್ತಿದ್ದೇ ವಿರಳ. ಬಿಜೆನ್ ಪ್ರಾಂತ್ಯದ ಒಸಾಫುನೆ ಎಂಬ ಊರಿನ ಸುಕೆಸಾದಾ ಎಂಬ ಹೆಸರನ್ನು ಹಲವು ತಲೆಮಾರಿನ ಅನೇಕ ಕಮ್ಮಾರರು ಬಳಸಿದ್ದರಿಂದ, ಹೆಸರು ಅಸಲಿಯಾದರೂ ಯಾವ ಸುಕೆಸಾದಾ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ, ಹೆಸರಿಲ್ಲದ ಪ್ರಾಮಾಣಿಕ ಅಲಗು ದೊಡ್ಡ ಹೆಸರಿನ ಸಂಶಯಾಸ್ಪದ ಅಲಗಿಗಿಂತ ಮೇಲು.

ದೋಷಗಳಲ್ಲಿ ಕ್ಷಮೆಯಿಲ್ಲದ್ದು ‘ಹಾಗಿರೆ’, ಎಂದರೆ ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳ್ಳಗೆ ಬಿದ್ದ ಬಿರುಕು. ಮೊನೆಯಲ್ಲಿ ಹದದ ಗೆರೆ ಸವೆದು ಹೋಗಿದ್ದರೂ ಅಷ್ಟೇ ಗಂಭೀರ. ಮೇಲ್ಮೈಯ ತುಕ್ಕನ್ನು ನುರಿತ ‘ತೊಗಿಶಿ’ಯೊಬ್ಬನು, ಎಂದರೆ ಹೊಳಪು ಕೊಡುವವನು, ತೆಗೆಯಬಲ್ಲ, ಆದರೆ ಪ್ರತಿ ಸಲವೂ ಉಕ್ಕು ಸವೆಯುತ್ತದೆ, ಮನೆಯಲ್ಲಿ ಉಜ್ಜುಕಾಗದ ಹಿಡಿಯುವ ಯೋಚನೆಯನ್ನೇ ಬಿಡಬೇಕು.

ಜಪಾನಿನಲ್ಲಿ ಪ್ರತಿ ಅಲಗಿಗೂ ನೋಂದಣಿ ಪತ್ರ ಬೇಕು, ಹೊರದೇಶಕ್ಕೆ ಕಳುಹಿಸಲು ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ಒಪ್ಪಿಗೆಯೂ ಬೇಕು. ನೋಂದಣಿ ಪತ್ರವು ಕತ್ತಿ ಅಸಲಿಯೆಂಬ ಪ್ರಮಾಣವಲ್ಲ. ಅದಕ್ಕೆ 1948ರಲ್ಲಿ ಸ್ಥಾಪನೆಯಾದ, ಕಲಾತ್ಮಕ ಕತ್ತಿಗಳ ಸಂರಕ್ಷಣಾ ಸಂಘವಾದ ಎನ್‌ಬಿಟಿಎಚ್‌ಕೆ ಕೊಡುವ ‘ಹೋಜೊನ್’ ಮೊದಲಾದ ಪತ್ರಗಳಿವೆ. ಭಾರತಕ್ಕೆ ತರಿಸುವವರು 1959ರ ಆಯುಧ ಕಾಯ್ದೆಯ ಕುರಿತು ಸ್ಥಳೀಯ ಪೊಲೀಸರಲ್ಲಿಯೂ ಕಸ್ಟಮ್ಸ್‌ನಲ್ಲಿಯೂ ಹಣ ಕೊಡುವುದಕ್ಕೆ ಮೊದಲೇ ವಿಚಾರಿಸಬೇಕು.

ಜಪಾನಿನ ನೋಂದಣಿ ಅಲಗಿಗೆ ಮಾತ್ರ ಸಂಬಂಧಿಸಿದ್ದರಿಂದ, ಬಿಡಿಭಾಗಗಳಿಂದ ಸಂಗ್ರಹವನ್ನು ಆರಂಭಿಸುವುದು ಸುಲಭ. ಕೈಯನ್ನು ಕಾಯುವ ಬಿಲ್ಲೆ ‘ತ್ಸುಬಾ’, ಹಿಡಿಯ ಎರಡು ತುದಿಗಳ ‘ಫುಚಿ’ ಮತ್ತು ‘ಕಾಶಿರಾ’, ತೊರಕೆ ಮೀನಿನ ಚರ್ಮ ಹೊದಿಸಿದ ಹಿಡಿಯ ನೂಲಿನಡಿಯ ಅಲಂಕಾರದ ತುಣುಕು ‘ಮೆನುಕಿ’ ಇವೆಲ್ಲ ಕಾಲಕಾಲಕ್ಕೆ ಬದಲಾಗುತ್ತಿದ್ದವು. ಆದ್ದರಿಂದ ಅಲಗಿನ ವಯಸ್ಸನ್ನು ಇವಕ್ಕೆ ಆರೋಪಿಸಬಾರದು. ಇಂಥ ಬಿಡಿಭಾಗಗಳನ್ನು ಮಾಡುತ್ತಿದ್ದ ಗೋತೊ ಮನೆತನದವರು ನೆಚ್ಚಿದ ‘ಶಾಕುದೋ’ ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿದ ಲೋಹ. ಬೀದರಿನ ಬಿದರಿ ಕೆಲಸದಲ್ಲಿರುವಂತೆ ಇಲ್ಲಿಯೂ ಕಪ್ಪು ಬಣ್ಣ ಬಳಿದದ್ದಲ್ಲ, ರಾಸಾಯನಿಕವಾಗಿ ಲೋಹದ ಮೈಯಿಂದಲೇ ಎಬ್ಬಿಸಿದ್ದು; ಅದನ್ನು ತಿಕ್ಕಿ ಹೊಳಪಿಸಿದರೆ ಕೆಲಸವೇ ಹಾಳಾಗುತ್ತದೆ. ಕಬ್ಬಿಣದ ತ್ಸುಬಾದಲ್ಲಿ ನಕಲಿಯನ್ನು ಹಿಡಿಯಲು ಕತ್ತರಿಸಿದ ರಂಧ್ರಗಳ ಒಳಗೋಡೆಯನ್ನು ಭೂತಗನ್ನಡಿಯಿಂದ ನೋಡಬೇಕು: ಅಲ್ಲಿ ಎರಕದ ಜೋಡಣೆಯ ಗೆರೆಯೋ ಸಣ್ಣ ಗುಳ್ಳೆಗುಂಡಿಗಳೋ ಇದ್ದರೆ ಅದು ಅಚ್ಚಿನಲ್ಲಿ ಹುಯ್ದದ್ದು. ನಡುವಿನ ರಂಧ್ರದ ಸುತ್ತ ಅಲಗಿಗೆ ಬಿಗಿಯಾಗಿಸಲು ಹೊಡೆದ ಉಳಿಗುರುತುಗಳೂ ತಾಮ್ರದ ಒತ್ತುಗಳೂ ಇದ್ದರೆ, ಆ ಬಿಲ್ಲೆ ನಿಜವಾದ ಕತ್ತಿಯೊಂದರ ಮೇಲೆ ಕುಳಿತಿತ್ತೆಂದು ಬಹುಮಟ್ಟಿಗೆ ನಂಬಬಹುದು.