ಎರೆಮಣ್ಣಿನ ಊರಲ್ಲಿ ಜೀಬ್ರಾ ಗಿಡ ಉಳಿಸಿಕೊಳ್ಳುವುದು ಹೇಗೆ

ನನ್ನ ಮೊದಲ ಜೀಬ್ರಾ ಗಿಡ ಸತ್ತಿದ್ದು ಆಗಸ್ಟ್‌ನಲ್ಲಿ. ಧಾರವಾಡದ ಜಿಟಿಜಿಟಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ, ಆದರೂ ನಾನು ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಪಕ್ಕದಲ್ಲಿದ್ದ ಇದಕ್ಕೂ ಪಾಪ ಅಂತ ಒಂದು ಲೋಟ ಸುರಿಯುತ್ತಿದ್ದೆ. ಒಂದು ದಿನ ಎಲೆ ಹಿಡಿದರೆ ಇಡೀ ಗಿಡ ಕೈಗೆ ಬಂತು. ಬೇರೇ ಇಲ್ಲ, ಬುಡವೆಲ್ಲ ಕೊಳೆತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಲೋಳೆಸರದ ಬಂಧು. ಅಂಗೈಯಷ್ಟೇ ಗಿಡ, ಚೂಪು ಎಲೆ, ಎಲೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ. ಹಾವರ್ಥಿಯಾ ಅಂತ ಮಾರುತ್ತಾರೆ. ಲೇಬಲ್ ಮೇಲೆ ಫ್ಯಾಸಿಯೇಟಾ ಅಂತ ಇದ್ದರೂ ಹೆಚ್ಚಾಗಿ ಅದು ಅಟೆನ್ಯುಯೇಟಾನೇ ಆಗಿರುತ್ತದೆ: ಎಲೆಯ ಒಳಮೈ ನುಣ್ಣಗಿದ್ದರೆ ಫ್ಯಾಸಿಯೇಟಾ, ಅಲ್ಲೂ ಬಿಳಿ ಗುಳ್ಳೆ ಇದ್ದರೆ ಅಟೆನ್ಯುಯೇಟಾ. ಸಾಕುವ ರೀತಿ ಎರಡಕ್ಕೂ ಒಂದೇ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಮಣ್ಣು. ಹುಬ್ಬಳ್ಳಿ, ಗದಗ ಕಡೆಯವರು ಹಿತ್ತಲಿನ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬುತ್ತಾರೆ. ಹತ್ತಿಗೆ, ಕಡಲೆಗೆ ಅದು ಬಂಗಾರ, ಈ ಗಿಡಕ್ಕೆ ಮಾತ್ರ ವಿಷ. ನೀರು ಬಿದ್ದರೆ ಉಬ್ಬಿ ವಾರಗಟ್ಟಲೆ ಹಸಿಯಾಗೇ ಇರುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ನಾನು ಹಾಕುವುದು ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆ ಚೂರು, ಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ. ಉಸುಕನ್ನು ಜರಡಿ ಹಿಡಿದು ನುಣ್ಣನೆಯ ಧೂಳು ಚೆಲ್ಲಿಬಿಡಿ. ನೀರು ಹಾಕಿದ ಕೂಡಲೇ ತಳದ ತೂತಿನಿಂದ ಇಳಿದರೆ ಮಿಶ್ರಣ ಸರಿ ಇದೆ ಅಂತ. ತೂತಿಲ್ಲದ ಚಹಾ ಕಪ್ಪಿನಲ್ಲಿ ನೆಟ್ಟು ಗಿಫ್ಟ್ ಕೊಡುತ್ತಾರಲ್ವಾ, ಅದನ್ನು ಮನೆಗೆ ತಂದ ದಿನವೇ ನಾಲ್ಕು ಇಂಚಿನ ಮಣ್ಣಿನ ಕುಂಡಕ್ಕೆ ಬದಲಾಯಿಸಿ.

ನೀರಿನ ವಿಷಯದಲ್ಲಿ ನಮ್ಮವರ ಚಟ ಬೇರೆ. ನಳ ಬಂದ ದಿನ ಮನೆಯಲ್ಲಿರುವ ಎಲ್ಲ ಗಿಡಕ್ಕೂ ಸುರಿಯುವುದು! ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ನೀರು ಬೇಡ, ಒಣಗಿ ಬಂದರೆ ತಳದಿಂದ ಹರಿಯುವಷ್ಟು ಹಾಕಿ. ನನ್ನ ಲೆಕ್ಕದಲ್ಲಿ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೂ ಜಾಸ್ತಿಯೇ. ಎಲೆಗಳ ನಡುವೆ ನೀರು ನಿಲ್ಲಬಾರದು.

ಇದರ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. ಅಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುತ್ತದೆ, ಹಾಗಾಗಿ ಬೆಳಕು ಬೇಕು, ಸುಡುವ ಬಿಸಿಲು ಬೇಡ. ಪೂರ್ವದ ಕಿಟಕಿ ಸಿಕ್ಕರೆ ಅದೇ ಒಳ್ಳೆಯದು. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಇಟ್ಟರೆ ಎಲೆ ಕೆಂಪಗಾಗುತ್ತದೆ. ಗಾಬರಿಯಾಗಬೇಡಿ, ನೆರಳಿಗೆ ತಂದರೆ ನಿಧಾನಕ್ಕೆ ಹಸಿರು ಮರಳುತ್ತದೆ. ಬೆಳಕು ಸಾಲದಿದ್ದರೆ ಎಲೆಗಳು ಉದ್ದುದ್ದ ಚಾಚಿ ಗಿಡ ಸಡಿಲವಾಗುತ್ತದೆ.

ಅಡಿಯಲ್ಲಿ ಒಂದೆರಡು ಎಲೆ ಒಣಗುವುದು ಸಹಜ, ಕಿತ್ತು ಹಾಕಿ. ಬುಡ ಮೆತ್ತಗಾದರೆ ಮಾತ್ರ ಅವತ್ತೇ ಗಿಡ ಕೀಳಬೇಕು. ಕೊಳೆತಿದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಚಾಕುವಿನಿಂದ ಕತ್ತರಿಸಿ, ಮೂರು ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಒಣ ಮಣ್ಣಲ್ಲಿ ನೆಡಿ. ವಾರ ಬಿಟ್ಟು ಸ್ವಲ್ಪ ನೀರು. ಎಲೆ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಬೆಕ್ಕು ಕಚ್ಚಿದರೂ ಭಯವಿಲ್ಲ, ಇದು ವಿಷದ ಗಿಡವಲ್ಲ. ನಮ್ಮ ಮನೆಯದು ಎರಡು ಸಲ ರುಚಿ ನೋಡಿದೆ.

ಮರಿಗಳು ಬುಡದ ಸುತ್ತ ತಾವಾಗೇ ಬರುತ್ತವೆ. ತಾಯಿಯ ಮೂರನೇ ಒಂದು ಭಾಗದಷ್ಟು ಬೆಳೆಯುವವರೆಗೆ ಮುಟ್ಟಬೇಡಿ. ಮಳೆ ನಿಂತ ಮೇಲೆ, ದಸರಾ ಹೊತ್ತಿಗೆ, ಬೇರಿನ ಸಮೇತ ಬಿಡಿಸಿ ಎರಡು ದಿನ ಗಾಯ ಒಣಗಿಸಿ ನೆಡಿ. ಹೋದ ವರ್ಷ ಒಂದೇ ಕುಂಡದಿಂದ ಐದು ಮರಿ ಸಿಕ್ಕವು. ಮೂರನ್ನು ಓಣಿಯವರು ಒಯ್ದರು, ಒಂದು ಗದಗಿನ ಅಕ್ಕನ ಮನೆಗೆ ಹೋಯಿತು. ಅದಕ್ಕೆ ಈಗ ದಿನಾ ನೀರು ಬೀಳುತ್ತಿದೆಯಂತೆ, ಫೋನ್ ಮಾಡಿ ಬೈಯಬೇಕು.