ಕೆಲಸದಲ್ಲಿ ಗಾಯವಾದರೆ ಪರಿಹಾರ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಆಸ್ಪತ್ರೆಗೆ ಹೋದ ಮೊದಲ ಅರ್ಧ ಗಂಟೆಯಲ್ಲಿ ನೀವು ಹೇಳುವ ಮಾತಿನ ಮೇಲೆ ನಿಮ್ಮ ಪರಿಹಾರ ನಿಂತಿರುತ್ತದೆ. ಮೇಸ್ತ್ರಿಯೋ ಸೂಪರ್‌ವೈಸರೋ ಪಕ್ಕದಲ್ಲೇ ನಿಂತು, "ಮನೇಲಿ ಜಾರಿ ಬಿದ್ದೆ ಅಂತ ಹೇಳಪ್ಪ, ಸುಮ್ನೆ ಪೊಲೀಸ್ ಗಲಾಟೆ ಯಾಕೆ, ಖರ್ಚೆಲ್ಲ ನಾವೇ ನೋಡ್ಕೋತೀವಿ" ಅನ್ನುತ್ತಾರೆ. ನೋವಿನಲ್ಲಿರುವವರು ಹೂಂ ಅಂದುಬಿಡುತ್ತಾರೆ. ದಯವಿಟ್ಟು ಅನ್ನಬೇಡಿ. ಡಾಕ್ಟರ್ ಅದನ್ನೇ ಚೀಟಿಯಲ್ಲಿ ಬರೆಯುತ್ತಾರೆ. ಆರು ತಿಂಗಳ ನಂತರ ಮಾಲೀಕರ ವಕೀಲರು ಅದೇ ಚೀಟಿಯನ್ನು ತೋರಿಸಿ, ಗಾಯವಾಗಿದ್ದು ಕೆಲಸದಲ್ಲೇ ಅಲ್ಲ ಎಂದು ವಾದಿಸುತ್ತಾರೆ. ಯಾವ ಜಾಗ, ಯಾವ ಮಷಿನ್, ಎಷ್ಟು ಗಂಟೆ, ಎಲ್ಲವನ್ನೂ ನಿಜವಾಗಿ ಹೇಳಿ ಬರೆಸಿ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ, ಮಾಡಿಸಿ ಅಂತ ನೀವೇ ಕೇಳಿ.

ಆಮೇಲೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಅವರು ಅಪಘಾತವನ್ನು ಕಣ್ಣಾರೆ ನೋಡಿದ್ದರೂ ಸರಿ, ಒಂದು ವಾಟ್ಸಾಪ್ ಮೆಸೇಜ್ ಆದರೂ ಹಾಕಿ, ಸ್ಪೀಡ್ ಪೋಸ್ಟ್ ಆದರೆ ಇನ್ನೂ ಒಳ್ಳೆಯದು. ಜೊತೆಗಿದ್ದವರ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ. ಸೈಟ್ ಕೆಲಸದವರು ತಿಂಗಳೊಳಗೆ ಬೇರೆ ಊರಿಗೆ ಹೋಗಿಬಿಡುತ್ತಾರೆ.

ಇನ್ನು ಎಲ್ಲಿ ಕೇಳಬೇಕು? ಮೊದಲು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಾ ನೋಡಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು ಇಎಸ್‌ಐ ಇರುವವರಿಗೆ ಪರಿಹಾರ ಅಲ್ಲಿಂದಲೇ ಬರಬೇಕು, ಮಾಲೀಕರ ಮೇಲೆ ಬೇರೆ ಕ್ಲೇಮು ಹಾಕಲು ಆಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾಗಿದ್ದರೂ ಇಎಸ್‌ಐ ಕೊಡುತ್ತದೆ. ಇಎಸ್‌ಐ ಇಲ್ಲದವರಿಗೆ ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮುಖ್ಯ ನಿಯಮಗಳು ಹೆಚ್ಚುಕಡಿಮೆ ಹಾಗೇ ಇವೆ, ಜೊತೆಗೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಸೇರಿದೆ. "ನೀನು ಕಂಟ್ರಾಕ್ಟರ್ ಕಡೆಯವನು, ನಮಗೆ ಸಂಬಂಧ ಇಲ್ಲ" ಅಂತ ಕಂಪನಿಯವರು ಹೇಳಿದರೆ ನಂಬಬೇಡಿ. ಅವರ ಕೆಲಸ ಮಾಡುವಾಗ ಆದ ಗಾಯಕ್ಕೆ ಅವರೂ ಹೊಣೆ.

ಜಾಸ್ತಿ ಜನ ಮೋಸ ಹೋಗುವುದು ರಾಜಿಯಲ್ಲಿ. ಒಂದು ಲೆಕ್ಕ ನೋಡಿ. ಪ್ರೆಸ್ ಮಷಿನ್‌ಗೆ ಸಿಕ್ಕಿ ಇಎಸ್‌ಐ ಇಲ್ಲದ 30 ವರ್ಷದವರೊಬ್ಬರ ಹೆಬ್ಬೆರಳು ಹೋಯಿತು, ಸಂಬಳ 15,000 ಅಂದುಕೊಳ್ಳಿ. ಸಂಬಳದ ಶೇಕಡಾ 60 ಅಂದರೆ 9,000. ಅದನ್ನು ಆ ವಯಸ್ಸಿಗೆ ಕಾನೂನು ಕೊಟ್ಟಿರುವ 207.98ರಿಂದ ಗುಣಿಸಬೇಕು. ಹೆಬ್ಬೆರಳಿಗೆ ಗಳಿಕೆಯ ನಷ್ಟ ಶೇಕಡಾ 30 ಅಂತ ಪಟ್ಟಿಯಲ್ಲಿದೆ. ಆಗ ಬರುವುದು 5,61,546 ರೂಪಾಯಿ, ಚಿಕಿತ್ಸೆಯ ಖರ್ಚು ಬೇರೆ. ಇಂಥವರ ಕೈಗೆ ಐವತ್ತು ಸಾವಿರ ಕೊಟ್ಟು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ ಅಲ್ವಾ? ಸಹಿ ಹಾಕಿಬಿಟ್ಟಿದ್ದರೂ ಹೆದರಬೇಡಿ, ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಒಪ್ಪಂದವನ್ನು ಕಾನೂನು ಮಾನ್ಯ ಮಾಡುವುದಿಲ್ಲ. ಸಾವಾಗಿದ್ದರೆ ಪರಿಹಾರದ ಹಣವನ್ನು ಮಾಲೀಕರು ಸರ್ಕಾರ ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು.

ಸಂಬಳಕ್ಕೆ ದಾಖಲೆ ಇಲ್ಲ ಅಂತ ಕೈಬಿಡುವವರೂ ಇದ್ದಾರೆ. ಫೋನ್‌ಪೇಯಲ್ಲಿ ಬಂದ ಹಣ, ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೋ, ಗೇಟ್ ಪಾಸ್ ಯಾವುದನ್ನೂ ಬಿಸಾಡಬೇಡಿ. ಡಾಕ್ಟರ್ ಅಂಗವೈಕಲ್ಯದ ಸರ್ಟಿಫಿಕೇಟ್ ಬರೆಯುವಾಗ ನೀವು ಮಾಡುವ ಕೆಲಸ ಏನು ಅಂತ ಬಿಡಿಸಿ ಹೇಳಿ. ಮಡಚಲು ಬಾರದ ಮೊಣಕಾಲು ಕುಳಿತು ಲೆಕ್ಕ ಬರೆಯುವವರಿಗೆ ತೊಂದರೆ, ಸಾರವೆ ಹತ್ತುವ ಗಾರೆಯವರಿಗೆ ಹೊಟ್ಟೆಪಾಡೇ ಹೋದಂತೆ.

ಸರ್ಕಾರ ನೇಮಿಸಿದ ಆ ಅಧಿಕಾರಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಸಮಯವಿದೆ. "ಕೊಡ್ತೀವಿ, ಸ್ವಲ್ಪ ತಡ್ಕೊಳ್ಳಿ" ಅನ್ನುತ್ತಾ ಆ ಎರಡು ವರ್ಷ ಕಳೆಸುವವರಿದ್ದಾರೆ, ಅದಕ್ಕೆ ಅವಕಾಶ ಕೊಡಬೇಡಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರು ಉಚಿತ. ಫೋನ್ ಮಾಡುವುದಾದರೆ ನಂಬರ್ 15100.